ಫಾರ್ಮುಲಾ ಪಂದ್ಯಗಳಲ್ಲಿ ತಂಡದ ಆಜ್ಞೆ: ಒಂದು ಐತಿಹಾಸಿಕ ವಿವೇಚನೆ

ಮೋಟಾರು ಕಾರುಗಳ ಓಟವು ಇತಿಹಾಸ ವಿಭಾಗದ ಸಂಶೋಧನ ಪತ್ರಿಕೆಗೆ ತಕ್ಕ ವಿಷಯವೇ ಎಂಬ ಸಂದೇಹ ಕೆಲವು ವಾಚಕರಿಗೆ ತೋರುವುದು ಸಹಜ. ಆದರೆ ಆಜ್ಞೆ ಕೊಡುವವನಾರು, ಪಾಲಿಸತಕ್ಕವನಾರು, ಕೊಟ್ಟ ಆಜ್ಞೆಯ ಅರ್ಥವೇನು, ಅದಕ್ಕೆ ಸಾಕ್ಷ್ಯವೆಲ್ಲಿ ಎಂಬ ಪ್ರಶ್ನೆಗಳು ಎಲ್ಲಿ ಏಳುತ್ತವೆಯೋ ಅಲ್ಲಿ ಇತಿಹಾಸಕಾರನಿಗೆ ಕೆಲಸವುಂಟು. ಫಾರ್ಮುಲಾ ಒನ್ ಪಂದ್ಯಗಳಲ್ಲಿ ಈ ಪ್ರಶ್ನೆಗಳು ಎಪ್ಪತ್ತು ವರ್ಷಗಳಿಗೂ ಮಿಕ್ಕು ಏಳುತ್ತಲೇ ಬಂದಿವೆ. ಅವುಗಳಿಗೆ ದೊರೆತ ಉತ್ತರಗಳಿಂದ ವಿಶ್ವ ಪ್ರಶಸ್ತಿಗಳು ಕೈ ಬದಲಾಯಿಸಿವೆ, ಸ್ನೇಹಗಳು ಮುರಿದಿವೆ, ಒಂದು ಪ್ರಸಂಗದಲ್ಲಂತೂ ಒಬ್ಬ ಚಾಲಕನ ಮರಣವನ್ನೇ ಅವುಗಳೊಡನೆ ಸೇರಿಸಿ ಹೇಳುವ ರೂಢಿ ಬೆಳೆದಿದೆ. ಆ ರೂಢಿ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಮುಂದೆ ನೋಡಬೇಕಾಗಿದೆ.

ಪಂದ್ಯದ ವ್ಯವಸ್ಥೆಯನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ಫಾರ್ಮುಲಾ ಎಂದರೆ ಕಾರಿನ ಎಂಜಿನು, ತೂಕ, ಅಳತೆ ಮೊದಲಾದವನ್ನು ಗೊತ್ತುಪಡಿಸುವ ನಿಯಮಾವಳಿ. ಚಾಲಕರ ವಿಶ್ವ ಚಾಂಪಿಯನ್ ಪ್ರಶಸ್ತಿ 1950ರಲ್ಲಿ ಆರಂಭವಾಯಿತು. ಅದರ ಮೊದಲನೆಯ ಓಟ ಆ ವರ್ಷದ ಮೇ 13ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ ನಡೆಯಿತು. ವರ್ಷದ ಓಟಗಳಲ್ಲಿ ಪಡೆದ ಸ್ಥಾನಗಳಿಗೆ ಅಂಕಗಳನ್ನಿತ್ತು, ಹೆಚ್ಚು ಅಂಕ ಪಡೆದವನನ್ನು ವಿಜೇತನೆಂದು ಸಾರುವುದು ಪದ್ಧತಿ. ಕಾರು ನಿರ್ಮಿಸುವ ತಂಡಗಳಿಗೆ ಪ್ರತ್ಯೇಕ ಪ್ರಶಸ್ತಿ ಬಂದದ್ದು 1958ರಲ್ಲಿ. ಹೀಗೆ ಒಂದೇ ಓಟದಲ್ಲಿ ಎರಡು ಲೆಕ್ಕಗಳು ಜೊತೆಜೊತೆಯಾಗಿ ನಡೆಯುತ್ತವೆ. ಚಾಲಕನು ಓಡಿಸುವುದು ತನ್ನ ಹೆಸರಿಗಾಗಿ. ಆದರೆ ಕಾರು ಅವನದಲ್ಲ, ಅವನಿಗೆ ಸಂಬಳ ಕೊಡುವ ತಂಡದ್ದು. ಇನ್ನೊಂದು ತೊಡಕೂ ಉಂಟು. ಅವನ ಕಾರಿಗೆ ಸರಿಸಮನಾದ ಕಾರು ಇರುವುದು ಅವನ ಜೊತೆಗಾರನ ಬಳಿ ಮಾತ್ರ. ಆದುದರಿಂದ ಲೋಕವು ಅವನ ಯೋಗ್ಯತೆಯನ್ನು ಅಳೆಯುವುದು ಆ ಜೊತೆಗಾರನ ಪಕ್ಕದಲ್ಲಿ ನಿಲ್ಲಿಸಿಯೇ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಇದು ಹಗೆಗಳ ಹಗೆಯಲ್ಲ, ದಾಯಾದಿಗಳ ಹಗೆ.

ಈ ವಿಷಯವನ್ನು ಕುರಿತು ಬರೆದವರಲ್ಲಿ ಅನೇಕರು ಅದನ್ನು ನೀತಿಯ ಪ್ರಶ್ನೆಯಾಗಿ ಎತ್ತಿಕೊಂಡಿದ್ದಾರೆ: ಜೊತೆಗಾರನಿಗೆ ದಾರಿ ಬಿಡುವಂತೆ ಚಾಲಕನಿಗೆ ಹೇಳುವುದು ನ್ಯಾಯವೇ, ಅನ್ಯಾಯವೇ? ಈ ಲೇಖನದ ಆಸಕ್ತಿ ಬೇರೆ. ಕನ್ನಡದಲ್ಲಿ ಶಾಸನವೆಂಬ ಒಂದೇ ಮಾತು ಆಜ್ಞೆಯನ್ನೂ, ಆ ಆಜ್ಞೆಯನ್ನು ಹೊತ್ತ ಕಲ್ಲನ್ನು ಅಥವಾ ತಾಮ್ರಪಟವನ್ನೂ ಸೂಚಿಸುತ್ತದೆ. ಈ ಎರಡು ಅರ್ಥಗಳು ಒಂದೇ ಪದದಲ್ಲಿ ಕೂಡಿರುವುದು ಆಕಸ್ಮಿಕವಲ್ಲ. ಆಜ್ಞೆಯ ಬಾಳ್ವೆ ಅದರ ವಾಹನವನ್ನು ಅವಲಂಬಿಸಿದೆ. ಫಾರ್ಮುಲಾ ಪಂದ್ಯಗಳಲ್ಲಿಯೂ ತಂಡದ ಆಜ್ಞೆಯು ಯಾವ ರೂಪದಲ್ಲಿ ಬಂದಿತು, ಕೈಯಿಂದ ಕೈಗೆ ಕೊಟ್ಟ ಕಾರಾಗಿಯೋ, ಹಲಗೆಯ ಮೇಲಿನ ಬರಹವಾಗಿಯೋ, ಬಾಯಿಮಾತಿನ ಒಪ್ಪಂದವಾಗಿಯೋ, ರೇಡಿಯೊ ಧ್ವನಿಯಾಗಿಯೋ, ಎಂಬುದೇ ಅದರಿಂದ ಹುಟ್ಟಿದ ಜಗಳದ ಸ್ವರೂಪವನ್ನು ನಿರ್ಣಯಿಸಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲನೆಯ ರೂಪಕ್ಕೆ 1956ರ ಇಟಲಿಯ ಗ್ರಾಂಡ್ ಪ್ರೀ ಪಂದ್ಯಕ್ಕಿಂತ ಮಿಗಿಲಾದ ನಿದರ್ಶನವಿಲ್ಲ. ಆಗಿನ ನಿಯಮದಂತೆ ಓಟದ ನಡುವೆ ಒಬ್ಬ ಚಾಲಕನು ತನ್ನ ಕಾರನ್ನು ಇನ್ನೊಬ್ಬನಿಗೆ ಬಿಟ್ಟುಕೊಡಬಹುದಾಗಿದ್ದಿತು. ಬಂದ ಅಂಕಗಳನ್ನು ಇಬ್ಬರಿಗೂ ಹಂಚುತ್ತಿದ್ದರು. ಫೆರಾರಿ ತಂಡದ ಹಿರಿಯ ಚಾಲಕ, ಅರ್ಜೆಂಟೀನದ ಹ್ವಾನ್ ಮಾನುಯೆಲ್ ಫ್ಯಾಂಜಿಯೊ, ಆ ವರ್ಷ ಸ್ವದೇಶದ ಓಟದಲ್ಲಿ ಲುಯಿಜಿ ಮುಸ್ಸೊನ ಕಾರನ್ನೂ, ಮೊನಾಕೊದಲ್ಲಿ ಪೀಟರ್ ಕಾಲಿನ್ಸನ ಕಾರನ್ನೂ ಈ ರೀತಿ ಪಡೆದಿದ್ದನು. ಸೆಪ್ಟೆಂಬರ್ 2ರಂದು ಮೊನ್ಜಾದಲ್ಲಿ ಕೊನೆಯ ಓಟ ಆರಂಭವಾದಾಗ ಫ್ಯಾಂಜಿಯೊನಿಗೆ 30 ಅಂಕಗಳಿದ್ದವು. ಅವನ ಜೊತೆಗಾರ, 24 ವರ್ಷದ ಇಂಗ್ಲಿಷ್ ತರುಣ ಕಾಲಿನ್ಸನಿಗೂ, ಮಸೆರಾಟಿ ತಂಡದ ಜಾನ್ ಬೆಹ್ರಾನಿಗೂ 22. ಓಟದಲ್ಲಿ ಫ್ಯಾಂಜಿಯೊನ ಕಾರಿನ ಸ್ಟಿಯರಿಂಗ್ ಕೆಟ್ಟಿತು. ಟೈರು ಬದಲಾಯಿಸಲು ಪಿಟ್ಟಿಗೆ ಬಂದ ಮುಸ್ಸೊನನ್ನು ಕಾರು ಬಿಟ್ಟುಕೊಡುವಂತೆ ಕೇಳಿದರು. ತನ್ನ ದೇಶದ ಜನರ ಎದುರಿನಲ್ಲಿ ಓಡಿಸುತ್ತಿದ್ದ ಮುಸ್ಸೊ ಅದಕ್ಕೆ ಕಿವಿಗೊಡದೆ ಹೊರಟುಹೋದನು. ಬಳಿಕ ಬಂದ ಕಾಲಿನ್ಸ್, ತನಗೂ ಪ್ರಶಸ್ತಿಯ ಆಸೆ ಉಳಿದಿದ್ದಾಗ್ಯೂ, ಕಾರಿನಿಂದಿಳಿದು ಫ್ಯಾಂಜಿಯೊನನ್ನು ಕೂರಿಸಿದನು. ಫ್ಯಾಂಜಿಯೊ ಎರಡನೆಯವನಾಗಿ ಬಂದನು. ಮಸೆರಾಟಿಯ ಸ್ಟರ್ಲಿಂಗ್ ಮಾಸ್ ಕೆಲವೇ ಸೆಕೆಂಡುಗಳ ಅಂತರದಿಂದ ಗೆದ್ದನು. ಪ್ರಶಸ್ತಿ ಫ್ಯಾಂಜಿಯೊನಿಗೆ ಸಂದಿತು.

ಕಾಲಿನ್ಸನು ಕೊಟ್ಟ ಅಂಕಗಳಿಂದ ಫ್ಯಾಂಜಿಯೊ ವಿಶ್ವ ಚಾಂಪಿಯನ್ನನಾದನೆಂದು ಸಾಮಾನ್ಯವಾಗಿ ಹೇಳುವುದುಂಟು. ಲೆಕ್ಕ ಹಾಕಿ ನೋಡಿದರೆ ಇದು ನಿಲ್ಲುವುದಿಲ್ಲ. ಎರಡನೆಯ ಸ್ಥಾನದ 6 ಅಂಕಗಳಲ್ಲಿ ತಲಾ 3 ಇಬ್ಬರಿಗೂ ಬಂದವು. ಆದರೆ ಆಗಿನ ನಿಯಮವು ವರ್ಷದ ಐದು ಉತ್ತಮ ಫಲಿತಾಂಶಗಳನ್ನು ಮಾತ್ರ ಗಣನೆಗೆ ತೆಗೆದುಕೊಳ್ಳುತ್ತಿದ್ದಿತು. ಫ್ಯಾಂಜಿಯೊನ ಐದು ಫಲಿತಾಂಶಗಳು ಮೊನ್ಜಾಕ್ಕೆ ಮೊದಲೇ ಪೂರ್ಣವಾಗಿದ್ದವು, ಮೊನ್ಜಾದ 3 ಅಂಕಗಳು ಅವುಗಳೆಲ್ಲಕ್ಕಿಂತ ಕಡಿಮೆ. ಆದುದರಿಂದ ಅವು ಲೆಕ್ಕದಿಂದ ಬಿಟ್ಟುಹೋದವು. ಅವನ ಮೊತ್ತ ಓಟಕ್ಕೆ ಮುಂಚೆ 30, ಓಟದ ಅನಂತರವೂ 30. ಮಾಸನ ಮೊತ್ತ 27ಕ್ಕೆ ನಿಂತಿತು. ಆ ಹೊತ್ತಿನಲ್ಲಿ ಫ್ಯಾಂಜಿಯೊನನ್ನು ಮೀರಬಹುದಾಗಿದ್ದವನು ಕಾಲಿನ್ಸನೇ: ಓಟವನ್ನು ಗೆದ್ದು 8 ಅಂಕಗಳನ್ನೂ, ಅತಿ ವೇಗದ ಸುತ್ತಿನ 1 ಅಂಕವನ್ನೂ ಪಡೆದಿದ್ದರೆ ಅವನಿಗೆ 31 ಆಗುತ್ತಿದ್ದಿತು. ಅದು ಸುಲಭವಾಗಿರಲಿಲ್ಲ. ಆದರೆ ಅಸಾಧ್ಯವೂ ಆಗಿರಲಿಲ್ಲ, ಏಕೆಂದರೆ ಕೊನೆಕೊನೆಯ ಸುತ್ತುಗಳಲ್ಲಿ ಮಾಸನಿಗೆ ಪೆಟ್ರೋಲು ಮುಗಿಯಿತು, ಅವನನ್ನು ಮೀರಿ ಮುಂದಾದ ಮುಸ್ಸೊನ ಕಾರೂ ಕೆಟ್ಟು ನಿಂತಿತು. ಹಾಗಾದರೆ ಕಾಲಿನ್ಸನು ಫ್ಯಾಂಜಿಯೊನಿಗೆ ಕೊಟ್ಟದ್ದು ಅಂಕಗಳನ್ನಲ್ಲ. ತನ್ನ ಸ್ವಂತ ಸಾಧ್ಯತೆಯನ್ನು ಅವನು ತಾನೇ ತೊಡೆದುಹಾಕಿದನು. ಅವನ ದಾನವಿದ್ದುದು ಅಲ್ಲಿ.

ತಾನಿನ್ನೂ ಚಿಕ್ಕವನು, ಪ್ರಶಸ್ತಿಗೆ ಮುಂದೆ ಕಾಲವಿದೆಯೆಂದು ಅವನು ಭಾವಿಸಿದ್ದನೆಂದು ವರದಿಗಳಿವೆ. 1958ರ ಜುಲೈ ತಿಂಗಳಲ್ಲಿ ಮುಸ್ಸೊ ಫ್ರಾನ್ಸಿನ ರಾನ್ಸ್‌ನಲ್ಲಿಯೂ, ಆಗಸ್ಟ್ ತಿಂಗಳಲ್ಲಿ ಕಾಲಿನ್ಸ್ ಜರ್ಮನಿಯ ನ್ಯೂರ್ಬರ್ಗ್‌ರಿಂಗಿನಲ್ಲಿಯೂ ಅಪಘಾತದಲ್ಲಿ ತೀರಿಕೊಂಡರು. ಇಬ್ಬರೂ ವಿಶ್ವ ಚಾಂಪಿಯನ್ನರಾಗಲಿಲ್ಲ.

ಮೊನ್ಜಾದಲ್ಲಿ ನಡೆದುದನ್ನು ಕುರಿತು ಜಗಳವೇಳಲಿಲ್ಲವೆಂಬುದು ಗಮನಾರ್ಹ. ಕಾರು ಕೈ ಬದಲಾಯಿಸಿದುದನ್ನು ಎಲ್ಲರೂ ಕಂಡರು. ಫಲಿತಾಂಶದ ಪಟ್ಟಿಯಲ್ಲಿ ಇಬ್ಬರ ಹೆಸರುಗಳೂ ಅಚ್ಚಾದವು. 1958ರಿಂದ ಹೀಗೆ ಹಂಚಿಕೊಂಡ ಕಾರಿಗೆ ಅಂಕಗಳಿಲ್ಲವೆಂದಾಯಿತು. ಆದರೆ ಹಿರಿಯನಿಗೆ ಕಿರಿಯನು ನೆರವಾಗಬೇಕೆಂಬ ತಂಡಗಳ ಅಪೇಕ್ಷೆ ಅದರೊಡನೆ ಹೋಗಲಿಲ್ಲ. ಅದೇ ವರ್ಷ ಕಾಸಾಬ್ಲಾಂಕಾದಲ್ಲಿ ಫಿಲ್ ಹಿಲ್ ವೇಗ ತಗ್ಗಿಸಿ ಮೈಕ್ ಹಾಥಾರ್ನನಿಗೆ ಎರಡನೆಯ ಸ್ಥಾನ ಬಿಟ್ಟನು. ಹಾಥಾರ್ನ್ ಒಂದೇ ಅಂಕದಿಂದ ಮಾಸನನ್ನು ಹಿಂದೆ ಹಾಕಿ ಪ್ರಶಸ್ತಿ ಪಡೆದನು. 1964ರಲ್ಲಿ ಮೆಕ್ಸಿಕೊದಲ್ಲಿ ಲೊರೆನ್ಜೊ ಬಾಂದಿನಿ ಜಾನ್ ಸರ್ಟೀಸನಿಗೆ ದಾರಿ ಬಿಟ್ಟದ್ದೂ ಇಂಥದ್ದೇ. ಅಲ್ಲಿಯೂ ಅಂತರ ಒಂದೇ ಅಂಕ. ವ್ಯತ್ಯಾಸವಿಷ್ಟೆ: ಕಾರಿನಿಂದಿಳಿಯುವುದು ಕಣ್ಣಿಗೆ ಕಾಣುವ ಕೃತ್ಯ, ವೇಗ ತಗ್ಗಿಸುವುದು ಬಲದ ಕಾಲನ್ನು ತುಸು ಎತ್ತುವುದು ಮಾತ್ರ. ಫಲಿತಾಂಶದ ಪಟ್ಟಿಯಲ್ಲಿ ಅದರ ಗುರುತು ಉಳಿಯುವುದಿಲ್ಲ.

ಇನ್ನು ಹಲಗೆಯ ಬರಹ. ಪಿಟ್ಟಿನ ಗೋಡೆಯ ಬಳಿ ನಿಂತು ಚಾಲಕನಿಗೆ ತೋರಿಸುವ ಫಲಕದಲ್ಲಿ ಕೆಲವೇ ಅಕ್ಷರಗಳಿಗೆ ಸ್ಥಳ. ಅವನು ಅದನ್ನು ನೋಡುವುದು ಒಂದು ಸುತ್ತಿಗೊಮ್ಮೆ, ಕ್ಷಣಮಾತ್ರ. 1981ರ ಮಾರ್ಚಿಯಲ್ಲಿ ಬ್ರೆಜಿಲಿನ ಓಟದಲ್ಲಿ ವಿಲಿಯಮ್ಸ್ ತಂಡವು ಜೋನ್ಸನ ಹೆಸರನ್ನು ಮೇಲೆಯೂ, ಮುಂದೆ ಓಡುತ್ತಿದ್ದ ಕಾರ್ಲೊಸ್ ರಾಯ್ಟ್‌ಮನ್ನನ ಹೆಸರನ್ನು ಕೆಳಗೂ ಬರೆದು ತೋರಿಸಿತು. ಇದರ ಅರ್ಥದ ಬಗೆಗೆ ಯಾರಿಗೂ ಸಂಶಯವಿರಲಿಲ್ಲ, ರಾಯ್ಟ್‌ಮನ್ನನಿಗೂ ಸಹ. ಜೋನ್ಸನಿಗೆ ಆದ್ಯತೆಯೆಂದು ಕರಾರಿನಲ್ಲಿಯೇ ಇದ್ದಿತು. ಅವನು ದಾರಿ ಬಿಡದೆ ಗೆದ್ದನು. ಆಲನ್ ಜೋನ್ಸ್ ವಿಜಯವೇದಿಕೆಗೆ ಬರಲಿಲ್ಲ. ಆ ವರ್ಷದ ಕೊನೆಯಲ್ಲಿ ತಂಡಕ್ಕೆ ತಂಡದ ಪ್ರಶಸ್ತಿ ದೊರೆಯಿತು. ರಾಯ್ಟ್‌ಮನ್ ನೆಲ್ಸನ್ ಪಿಕೆಗೆ 50ಕ್ಕೆ 49ರಂತೆ ಒಂದು ಅಂಕದಿಂದ ಸೋತನು. ಎರಡು ಲೆಕ್ಕಗಳು ಎಷ್ಟು ಬೇರೆಯೆಂಬುದಕ್ಕೆ ಇದು ಸಾಕು. ಈತನು ಮುಂದೆ ತನ್ನ ಪ್ರಾಂತದ ಗವರ್ನರನಾಗಿ ಆಜ್ಞೆ ಕೊಡುವ ಪಕ್ಷಕ್ಕೆ ಸೇರಿದನೆಂಬುದು ಬೇರೆ ಮಾತು.

ಮರುವರ್ಷದ ಪ್ರಸಂಗ ಇದಕ್ಕಿಂತ ಕಠಿನ. 1982ರ ಏಪ್ರಿಲ್ 25ರಂದು ಇಟಲಿಯ ಇಮೋಲಾದಲ್ಲಿ, ತಂಡಗಳ ಸಂಘಕ್ಕೂ ಆಡಳಿತ ಒಕ್ಕೂಟಕ್ಕೂ ನಡೆಯುತ್ತಿದ್ದ ವ್ಯಾಜ್ಯದಿಂದಾಗಿ, 14 ಕಾರುಗಳು ಮಾತ್ರ ಓಟಕ್ಕೆ ನಿಂತಿದ್ದವು. ರೆನೊ ತಂಡದ ಕಾರುಗಳೆರಡೂ ಕೆಟ್ಟುಹೋದ ಮೇಲೆ ಫೆರಾರಿಯ ಇಬ್ಬರೇ ಮುಂಚೂಣಿಯಲ್ಲಿ ಉಳಿದರು: ಕೆನಡಾದ ಜಿಲ್ ವಿಲ್‌ನವ್ ಮೊದಲು, ಫ್ರಾನ್ಸಿನ ದಿದಿಯೆ ಪಿರೋನಿ ಅವನ ಹಿಂದೆ. ತಂಡದವರು ಫಲಕ ತೋರಿಸಿದರು. ಅದರಲ್ಲಿದ್ದುದು 'ನಿಧಾನ' ಎಂಬರ್ಥದ ಒಂದೇ ಇಂಗ್ಲಿಷ್ ಪದ. ಅನಂತರದ ಸುತ್ತುಗಳಲ್ಲಿ ಪಿರೋನಿ ಮುಂದಾದನು, ವಿಲ್‌ನವ್ ಮತ್ತೆ ಮುಂದಾದನು, ಕೊನೆಯ ಸುತ್ತಿನಲ್ಲಿ ತೋಸಾ ಎಂಬ ತಿರುವಿನಲ್ಲಿ ಪಿರೋನಿ ಅವನನ್ನು ಹಿಂದೆ ಹಾಕಿ ಅರ್ಧ ಸೆಕೆಂಡಿಗಿಂತ ಕಡಿಮೆ ಅಂತರದಿಂದ ಗೆದ್ದನು.

ಆ ಒಂದು ಪದದ ಅರ್ಥವೇನು? ಇದ್ದ ಸ್ಥಾನಗಳಲ್ಲಿಯೇ ಮುಗಿಸಿರಿ ಎಂದು ವಿಲ್‌ನವ್ ತಿಳಿದನು. ಇಂಧನವನ್ನೂ ಯಂತ್ರವನ್ನೂ ಕಾಪಾಡಿಕೊಳ್ಳಿರಿ, ಸ್ಥಾನದ ಮಾತು ಇದರಲ್ಲಿಲ್ಲ ಎಂಬುದು ಪಿರೋನಿಯ ವ್ಯಾಖ್ಯಾನ. ಪದಶಃ ನೋಡಿದರೆ ಪಿರೋನಿಯದೇ ಸರಿ; ಫಲಕದಲ್ಲಿ ಯಾರ ಹೆಸರೂ ಇರಲಿಲ್ಲ. ಆದರೆ ಶಾಸನವನ್ನು ಓದುವವನು ಅಕ್ಷರಗಳನ್ನು ಮಾತ್ರ ಓದಿದರೆ ಸಾಲದು; ಅದು ಹೊರಟ ಆಸ್ಥಾನದ ಪದ್ಧತಿಯನ್ನೂ ತಿಳಿದಿರಬೇಕು. ಫೆರಾರಿ ಆಸ್ಥಾನದ ಪದ್ಧತಿ ವಿಲ್‌ನವ್‌ನಿಗೆ ಅನುಭವದಿಂದ ಗೊತ್ತಿದ್ದಿತು. 1979ರಲ್ಲಿ ಮೊನ್ಜಾದಲ್ಲಿ ಅವನು ಜೋಡಿ ಶೆಕ್ಟರನ ಬೆನ್ನ ಹಿಂದೆಯೇ, ಹಿಂದೆ ಹಾಕದೆ, ಓಟವನ್ನು ಮುಗಿಸಿದ್ದನು; ಶೆಕ್ಟರ್ ಅಂದು ವಿಶ್ವ ಚಾಂಪಿಯನ್ನನಾದನು. ತಾನು ಸಲ್ಲಿಸಿದ ಋಣ ಈಗ ತನಗೆ ಸಲ್ಲಬೇಕೆಂದು ಅವನು ನಿರೀಕ್ಷಿಸಿದುದರಲ್ಲಿ ಆಶ್ಚರ್ಯವಿಲ್ಲ. ವಿಲ್‌ನವ್ ಮುಂದಿದ್ದಾಗ ಸುತ್ತುಗಳು ನಿಧಾನವಾಗಿದ್ದವು, ಪಿರೋನಿ ಮುಂದಾದಾಗ ವೇಗವಾದವು ಎಂಬುದನ್ನೂ ಅವನ ಪಕ್ಷದವರು ಸಾಕ್ಷ್ಯವಾಗಿ ಮುಂದಿಡುತ್ತಾರೆ. ನನ್ನ ಮಟ್ಟಿಗೆ ಅಕ್ಷರ ಪಿರೋನಿಯ ಕಡೆ, ಪದ್ಧತಿ ವಿಲ್‌ನವ್‌ನ ಕಡೆ. ಹೆಚ್ಚಿನ ಹೊಣೆ ಒಂದೇ ಪದವನ್ನು ಬರೆದು ಸುಮ್ಮನಾದವರದು.

ವಿಲ್‌ನವ್ ಪಿರೋನಿಯೊಡನೆ ಇನ್ನೆಂದೂ ಮಾತನಾಡುವುದಿಲ್ಲವೆಂದನು, ಮಾತನಾಡಲೂ ಇಲ್ಲ. ಹದಿಮೂರು ದಿನಗಳ ತರುವಾಯ, ಮೇ 8ರಂದು, ಬೆಲ್ಜಿಯಮ್ಮಿನ ಜೋಲ್ಡರಿನಲ್ಲಿ ಅರ್ಹತಾ ಸುತ್ತುಗಳು ನಡೆಯುತ್ತಿದ್ದಾಗ ಅವನ ಕಾರು ಮುಂದೆ ನಿಧಾನವಾಗಿ ಹೋಗುತ್ತಿದ್ದ ಯೋಖೆನ್ ಮಾಸ್ಸನ ಕಾರಿಗೆ ತಗುಲಿ ಮೇಲಕ್ಕೆ ಹಾರಿತು. ಅಂದೇ ಅವನು ತೀರಿಕೊಂಡನು. ಆ ಹೊತ್ತಿಗೆ ಪಿರೋನಿಯ ಕಾಲಮಾನ ಅವನದಕ್ಕಿಂತ ತುಸು ಉತ್ತಮವಾಗಿದ್ದಿತು. ಇಮೋಲಾದ ಕೋಪವೇ ಅವನನ್ನು ಕೊಂದಿತೆಂದು ಅನೇಕ ಗ್ರಂಥಗಳು ಹೇಳುತ್ತವೆ. ನಮ್ಮ ವಿದ್ಯಾರ್ಥಿಗಳು ಇಲ್ಲಿ ಎಚ್ಚರ ವಹಿಸಬೇಕು. ಒಂದರ ಅನಂತರ ನಡೆದದ್ದು ಅದರಿಂದಲೇ ನಡೆದದ್ದಾಗುವುದಿಲ್ಲ. ಕೊನೆಯ ಪ್ರಯತ್ನದಲ್ಲಿರುವ ಚಾಲಕ ವೇಗವಾಗಿ ಓಡಿಸುವುದು ಅವನ ವೃತ್ತಿ, ವಿಲ್‌ನವ್‌ನ ವಿಷಯದಲ್ಲಿ ಅವನ ಸ್ವಭಾವವೂ ಹೌದು. ಅಪಘಾತಕ್ಕೆ ಇಬ್ಬರು ಚಾಲಕರು ಒಂದೇ ಕ್ಷಣದಲ್ಲಿ ಒಂದೇ ಕಡೆಗೆ ತಿರುಗಿದುದು ಸಾಕಾದ ಕಾರಣ. ಕೋಪ ಇದ್ದಿತೆಂಬುದಕ್ಕೆ ಸಾಕ್ಷ್ಯವುಂಟು. ಕೋಪವು ಸ್ಟಿಯರಿಂಗನ್ನು ತಿರುಗಿಸಿತೆಂಬುದಕ್ಕೆ ಇಲ್ಲ. ಪಿರೋನಿಯೂ ಅದೇ ಆಗಸ್ಟಿನಲ್ಲಿ ಹಾಕೆನ್‌ಹೈಮಿನಲ್ಲಿ ಕಾಲುಗಳನ್ನು ಮುರಿದುಕೊಂಡು ಮತ್ತೆ ಈ ಪಂದ್ಯಗಳಿಗೆ ಮರಳಲಿಲ್ಲ. ಆ ವರ್ಷದ ಪ್ರಶಸ್ತಿ ಅವನಿಗೆ ಐದು ಅಂಕಗಳಿಂದ ತಪ್ಪಿತು.

ಬಾಯಿಮಾತಿನ ಒಪ್ಪಂದದ ಗತಿ ಇದಕ್ಕಿಂತ ಮೇಲಲ್ಲ. 1988ರಲ್ಲಿ ಮೆಕ್ಲಾರೆನ್ ತಂಡದ ಅಯರ್ಟನ್ ಸೆನ್ನಾ, ಅಲೆನ್ ಪ್ರಾಸ್ಟ್ ಇಬ್ಬರೇ 16 ಓಟಗಳಲ್ಲಿ 15ನ್ನು ಗೆದ್ದಿದ್ದರು. 1989ರಲ್ಲಿ, ಅದೇ ಇಮೋಲಾದಲ್ಲಿ, ಆರಂಭದಲ್ಲಿ ಮುಂದಾದವನನ್ನು ಮೊದಲ ತಿರುವಿನಲ್ಲಿ ಇನ್ನೊಬ್ಬನು ಕೆಣಕಬಾರದೆಂದು ಅವರು ಒಪ್ಪಿಕೊಂಡರು. ಗೆರ್ಹಾರ್ಡ್ ಬೆರ್ಗರನ ಅಪಘಾತದಿಂದ ಓಟ ನಿಂತು ಮತ್ತೆ ಆರಂಭವಾದಾಗ ಪ್ರಾಸ್ಟ್ ಮುಂದಾದನು. ಸೆನ್ನಾ ತೋಸಾದಲ್ಲಿ ಅವನನ್ನು ಹಿಂದೆ ಹಾಕಿದನು. ಒಪ್ಪಂದ ಮೊದಲನೆಯ ಆರಂಭಕ್ಕೆ ಮಾತ್ರವೋ, ಎರಡನೆಯದಕ್ಕೂ ಸಲ್ಲುವುದೋ? ಸಂಧಿಪತ್ರಗಳನ್ನು ಓದಿದವರಿಗೆ ಈ ಬಗೆಯ ವಾದ ಹೊಸದಲ್ಲ. ಅದೇ ಅಕ್ಟೋಬರಿನಲ್ಲಿ ಜಪಾನಿನ ಸುಜುಕಾದಲ್ಲಿ ಇಬ್ಬರ ಕಾರುಗಳೂ ಡಿಕ್ಕಿಯಾದವು, ಪ್ರಾಸ್ಟ್ ಪ್ರಶಸ್ತಿಯನ್ನೂ ಗೆದ್ದು ತಂಡವನ್ನೂ ಬಿಟ್ಟನು.

2002ರ ಮೇ 12ರಂದು ಆಸ್ಟ್ರಿಯದಲ್ಲಿ ನಡೆದದ್ದು ಇನ್ನೊಂದು ಬಗೆ. ಆರಂಭದಿಂದ ಮುಂದಿದ್ದ ರೂಬೆನ್ಸ್ ಬ್ಯಾರಿಕೆಲೊ, ಫೆರಾರಿಯ ಆಜ್ಞೆಯಂತೆ, ಮೈಕೇಲ್ ಶುಮಾಕರನಿಗೆ ಜಯವನ್ನು ಬಿಟ್ಟುಕೊಟ್ಟನು. ಆದರೆ ಎಲ್ಲಿ? ಗೆಲುವಿನ ಗೆರೆಯ ಎದುರಿನಲ್ಲಿ, ಪ್ರೇಕ್ಷಕರೆಲ್ಲರ ಕಣ್ಣಮುಂದೆ. ಅಂತರ 0.182 ಸೆಕೆಂಡು. ಮೂವತ್ತು ಸುತ್ತು ಮೊದಲೇ ಎಲ್ಲೋ ಒಂದು ತಿರುವಿನಲ್ಲಿ ಸರಿದಿದ್ದರೆ ಇಷ್ಟು ಗದ್ದಲವಾಗುತ್ತಿರಲಿಲ್ಲ. ಪಾಲಿಸುತ್ತಲೇ ಪ್ರತಿಭಟಿಸುವ ರೀತಿ ಇದು. ಕಾಲಿನ್ಸನ ಕಾಲದ ಬಹಿರಂಗತೆಯನ್ನು ಬ್ಯಾರಿಕೆಲೊ ಬಲವಂತವಾಗಿ ಮರಳಿ ತಂದನೆನ್ನಬಹುದು. ಜನ ಕೂಗಿ ಛೀಮಾರಿ ಹಾಕಿದರು. ಶುಮಾಕರ್ ತನ್ನ ಜೊತೆಗಾರನನ್ನು ವೇದಿಕೆಯ ಮೇಲಣ ಮೆಟ್ಟಿಲಿಗೆ ತಳ್ಳಿದನು. ಎಫ್‌ಐಎ ಎಂಬ ಅಂತರರಾಷ್ಟ್ರೀಯ ಒಕ್ಕೂಟವು 10 ಲಕ್ಷ ಡಾಲರ್ ದಂಡ ವಿಧಿಸಿ, ಅದರಲ್ಲಿ ಅರ್ಧವನ್ನು ತಡೆಹಿಡಿಯಿತು. ಆದರೆ ದಂಡ ಬಿದ್ದುದು ವೇದಿಕೆಯ ಶಿಷ್ಟಾಚಾರವನ್ನು ಮುರಿದುದಕ್ಕೆ, ಆಜ್ಞೆ ಕೊಟ್ಟುದಕ್ಕಲ್ಲ. ಆಜ್ಞೆಯನ್ನು ತಡೆಯುವ ನಿಯಮವೇ ಆಗ ಇರಲಿಲ್ಲ. ಇಷ್ಟೆಲ್ಲ ಮಾಡಿ ಫೆರಾರಿಗೆ ದಕ್ಕಿದ ಲಾಭವಾದರೂ ಏನು? ಶುಮಾಕರ್ ಆ ವರ್ಷದ ಪ್ರಶಸ್ತಿಯನ್ನು ಜುಲೈ ತಿಂಗಳಲ್ಲಿಯೇ, ಇನ್ನೂ ಆರು ಓಟಗಳಿರುವಾಗ, ಗೆದ್ದುಬಿಟ್ಟನು.

ಓಟದ ಫಲಿತಾಂಶವನ್ನು ಬದಲಿಸುವ ತಂಡದ ಆಜ್ಞೆಗಳನ್ನು 2003ರಿಂದ ನಿಷೇಧಿಸಲಾಯಿತು. ನಿಷೇಧದಿಂದ ಆಜ್ಞೆ ನಿಲ್ಲಲಿಲ್ಲ, ವೇಷ ಬದಲಾಯಿಸಿತು. ಕೆಲವು ವೇಳೆ ವೇಷ ಭಯಂಕರವೂ ಆಗಿದ್ದಿತು: 2008ರಲ್ಲಿ ಸಿಂಗಪುರದಲ್ಲಿ ರೆನೊ ತಂಡದ ಒಬ್ಬ ಚಾಲಕನು ಜೊತೆಗಾರನಿಗೆ ಅನುಕೂಲವಾಗಲೆಂದು ಬೇಕೆಂದೇ ಕಾರನ್ನು ಗೋಡೆಗೆ ಹೊಡೆದನೆಂಬುದು ಮರುವರ್ಷ ಹೊರಬಿದ್ದಿತು; ತಂಡವು ಅದನ್ನು ಅಲ್ಲಗಳೆಯಲಿಲ್ಲ. ಸಾಮಾನ್ಯವಾಗಿ ವೇಷವು ಭಾಷೆಯದಾಗಿದ್ದಿತು. 2010ರ ಜುಲೈ 25ರಂದು ಹಾಕೆನ್‌ಹೈಮಿನಲ್ಲಿ ಫೆರಾರಿಯ ಫೆಲಿಪೆ ಮಾಸಾ ಮುಂದಿದ್ದನು. ಹಿಂದಿನ ವರ್ಷ ಅದೇ ತಾರೀಖಿನಂದು ಹಂಗೆರಿಯಲ್ಲಿ ತಲೆಗೆ ಪೆಟ್ಟು ಬಿದ್ದು ಅವನು ಪ್ರಾಣಾಪಾಯದಿಂದ ಪಾರಾಗಿದ್ದನು. ಅವನ ಎಂಜಿನಿಯರು ರೇಡಿಯೊದಲ್ಲಿ, ಫರ್ನಾಂಡೊ ನಿನಗಿಂತ ವೇಗವಾಗಿದ್ದಾನೆ ಎಂದು ಹೇಳಿ, ಈ ಮಾತು ಅರ್ಥವಾಯಿತೆಂದು ದೃಢಪಡಿಸಬಲ್ಲೆಯಾ ಎಂದು ಕೇಳಿದನು. ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ಆಜ್ಞೆಯೇ ಇಲ್ಲ. ಮೊದಲನೆಯ ವಾಕ್ಯ ಒಂದು ವರ್ತಮಾನ, ಎರಡನೆಯದು ಒಂದು ಪ್ರಶ್ನೆ. ವಿಧ್ಯರ್ಥದ ಕ್ರಿಯಾಪದವೊಂದೂ ಕಾಣದು. ಆದರೂ ಬರಿಯ ವರ್ತಮಾನವಾಗಿದ್ದರೆ ಅರ್ಥವಾಯಿತೇ ಎಂದು ಕೇಳಬೇಕಾದ ಅಗತ್ಯವಿರಲಿಲ್ಲ. ಮಾಸಾ ಫರ್ನಾಂಡೊ ಅಲೊನ್ಸೊನಿಗೆ ದಾರಿ ಬಿಟ್ಟನು. ಒಂದು ಲಕ್ಷ ಡಾಲರ್ ದಂಡ ಬಿದ್ದಿತು, ಫಲಿತಾಂಶ ಮಾತ್ರ ಬದಲಾಗಲಿಲ್ಲ. 2011ರಿಂದ ಒಕ್ಕೂಟವು ನಿಷೇಧವನ್ನೇ ತೆಗೆದುಹಾಕಿತು. ಜಾರಿಗೆ ತರಲಾಗದ ಕಟ್ಟಳೆಯನ್ನು ಎಂಟು ವರ್ಷಗಳಲ್ಲಿ ಕೈಬಿಟ್ಟದ್ದು ವಿವೇಕವೆಂದೇ ನನಗೆ ತೋರುತ್ತದೆ.

ಆಜ್ಞೆ ಮತ್ತೆ ನ್ಯಾಯಸಮ್ಮತವಾದರೂ ಗೂಢಭಾಷೆಯ ಅಭ್ಯಾಸ ಕೂಡಲೆ ಹೋಗಲಿಲ್ಲ. 2013ರಲ್ಲಿ ಮಲೇಷಿಯದಲ್ಲಿ ರೆಡ್ ಬುಲ್ ತಂಡವು, ಎರಡನೆಯ ಸಂಖ್ಯೆಯ ಕಾರು ಒಂದನೆಯದಕ್ಕಿಂತ ಮುಂದೆ ಇರಲಿ ಎಂಬ ಅರ್ಥದಲ್ಲಿ, 21 ಎಂಬ ಸಂಕೇತವನ್ನು ಬಳಸಿತು. ಒಂದನೆಯ ಕಾರಿನ ಸೆಬಾಸ್ಟಿಯನ್ ವೆಟೆಲ್ ಅದನ್ನು ಲಕ್ಷಿಸದೆ ಮಾರ್ಕ್ ವೆಬ್ಬರನನ್ನು ಹಿಂದೆ ಹಾಕಿ ಗೆದ್ದನು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯರ ಪಾಲುಗಾರಿಕೆಯಿದ್ದ ಫೋರ್ಸ್ ಇಂಡಿಯ ತಂಡದಲ್ಲಿ ಸಮಸ್ಯೆ ತಲೆಕೆಳಗಾಗಿದ್ದಿತು: ಅಲ್ಲಿ ಸ್ವಾತಂತ್ರ್ಯ ಮೊದಲು, ಆಜ್ಞೆ ಅನಂತರ. 2017ರಲ್ಲಿ ಬೆಲ್ಜಿಯಮ್ಮಿನ ಒಂದೇ ಓಟದಲ್ಲಿ ಸೆರ್ಜಿಯೊ ಪೆರೆಜ್, ಎಸ್ತೆಬಾನ್ ಒಕೊನ್ ಎರಡು ಸಲ ತಗುಲಿಕೊಂಡ ಬಳಿಕ ಅವರಿಗೆ ಪರಸ್ಪರ ಸ್ಪರ್ಧಿಸುವ ಅನುಮತಿಯನ್ನು ತಂಡ ಹಿಂತೆಗೆದುಕೊಂಡಿತು.

ಈಗ ಚಾಲಕರ ರೇಡಿಯೊ ಮಾತುಗಳಲ್ಲಿ ಹಲವನ್ನು ಓಟ ನಡೆಯುತ್ತಿರುವಾಗಲೇ ಲೋಕಕ್ಕೆಲ್ಲ ಪ್ರಸಾರ ಮಾಡುತ್ತಾರೆ. ಯಾವುದನ್ನು ಕೇಳಿಸಬೇಕೆಂದು ಆರಿಸುವವರು ಪ್ರಸಾರಕರೆಂಬುದನ್ನು ಮರೆಯಬಾರದಾದರೂ, ಇಮೋಲಾದ ಒಂಟಿ ಪದಕ್ಕೆ ಹೋಲಿಸಿದರೆ ಇದು ಸಾಕ್ಷ್ಯದ ಸುಗ್ಗಿ. 2024ರ ಜುಲೈ 21ರಂದು ಹಂಗೆರಿಯಲ್ಲಿ ಮೆಕ್ಲಾರೆನ್ ತಂಡವು, ಹಿಂದಿದ್ದ ಲ್ಯಾಂಡೊ ನಾರಿಸನನ್ನು ಟೈರು ಬದಲಾವಣೆಗೆ ಮೊದಲು ಕರೆದುದರಿಂದ, ಮುಂದಿದ್ದ ಆಸ್ಕರ್ ಪಿಯಾಸ್ಟ್ರಿ ಹಿಂದೆ ಬಿದ್ದನು. ಸ್ಥಾನವನ್ನು ಮರಳಿಸುವಂತೆ ನಾರಿಸನಿಗೆ ಅವನ ಎಂಜಿನಿಯರು ಸುತ್ತು ಸುತ್ತಿಗೂ ಹೇಳಿದನು, ಬುದ್ಧಿವಾದದಂತೆ, ಬೇಡಿಕೆಯಂತೆ. ಇನ್ನು ಎರಡು ಮೂರು ಸುತ್ತುಗಳಿರುವಾಗ ನಾರಿಸ್ ವೇಗ ತಗ್ಗಿಸಿದನು. ಪಿಯಾಸ್ಟ್ರಿ ತನ್ನ ಮೊದಲನೆಯ ಗ್ರಾಂಡ್ ಪ್ರೀಯನ್ನು ಗೆದ್ದನು. ಮರುದಿನ ಪತ್ರಿಕೆಗಳಲ್ಲಿ ವಾದ ನಡೆಯಿತು, ಆದರೆ ಏನು ಹೇಳಿದರು, ಅದರ ಅರ್ಥವೇನು ಎಂಬುದರ ಮೇಲಲ್ಲ. ಹೇಳಿದ್ದು ಸರಿಯೇ ಎಂಬುದರ ಮೇಲೆ ಮಾತ್ರ.